ಕಿರುಬೆರಳಿನಷ್ಟು ಸಂದು

ಕೋಪನ್‌ಹೇಗನ್ನಿನಿಂದ ಹಸ್ತಪ್ರತಿ ವಾಪಸು ಬಂದಿದೆ.
ಅಂಚಿನ ತುಂಬ ಥೋರ್ಕಿಲನ ಪೆನ್ಸಿಲ್ಲು, ಮೆತ್ತಗೆ, ಮೊನಚಾಗಿ:
ಇದೇನು? ಇದು ಯಾರು? ಇದನ್ನು ತಿನ್ನುತ್ತಾರೆಯೇ?
ಎಣಿಸಿದೆ. ಅರವತ್ತೊಂದು.

‘ಯಾತ್ಲುರ್ ಬಾಗಿಲು ತೆರೆದು ಅಜ್ಜಿ ಒಳಗೆ ಹೋದಳು’
ಎಂದಷ್ಟೇ ಬರೆದಿದ್ದೆ.
ನಮ್ಮ ಸ್ಕಾಲವೀಕಿನಲ್ಲಿ ಇದು ವಾಕ್ಯವೂ ಅಲ್ಲ,
ದಿನಾ ಇಡುವ ಒಂದು ಹೆಜ್ಜೆ.
ಅವನ ಊರಲ್ಲಿ ಆ ಬಾಗಿಲ ಹಿಂದೆ ಏನೂ ಇಲ್ಲ, ಬರೀ ಕತ್ತಲೆ.

ಆಗಲಿ ಪಾಪ, ಎಂದು ಒಂದು ಅಡಿಟಿಪ್ಪಣಿ ಹಾಕಿದೆ:
ಹಲಗೆಗೋಡೆಯ ಕೊಟ್ಟಿಗೆ; ಅಕ್ಟೋಬರಿನಲ್ಲಿ ಕೊಯ್ದ ಕುರಿಯನ್ನು
ಉಪ್ಪೂ ಹಚ್ಚದೆ ತೂಗುಹಾಕುವುದು; ಕಡಲ ಗಾಳಿಯೇ ಒಲೆ.
ಹಲಗೆ ಅಂದಮೇಲೆ ಹೇಳಬೇಡವೇ, ಇಲ್ಲಿ ಮರ ಬೆಳೆಯದೆಂದು?
ಮರ ಬೆಳೆಯದೆಂದರೆ ತೇಲಿ ಬಂದ ದಿಮ್ಮಿಗಳ ಕಥೆ,
ದಿಮ್ಮಿಯೆಂದರೆ ಒಡೆದ ಹಡಗು, ಹಡಗೆಂದರೆ ಮುತ್ತಜ್ಜ.
ಟಿಪ್ಪಣಿ ಬೆಳೆದು ಕಥೆಯ ಕಂಠಮಟ್ಟ ಬಂತು.
ಅಜ್ಜಿ ಒಂದು ಕಾಲು ಹೊಸಿಲ ಒಳಗೆ, ಒಂದು ಹೊರಗೆ,
ಚಾಕು ಹಿಡಿದು ನಿಂತೇ ಇದ್ದಾಳೆ
ನನ್ನ ಉಪನ್ಯಾಸ ಮುಗಿಯಲೆಂದು.

ಎಲ್ಲ ಹೊಡೆದುಹಾಕಿದೆ.

‘ಸ್ಕಡ್ಡ ಅಂದರೆ ಮಂಜು ತಾನೆ? ಮಂಜು ಎಂದೇ ಬರೆಯಬಾರದೆ?’
ಬರೆಯಬಹುದು, ಥೋರ್ಕಿಲ್. ನಿನ್ನ ಮಂಜು ಬೀದಿದೀಪಕ್ಕೆ ಸುತ್ತಿಕೊಳ್ಳುತ್ತದೆ.
ನಮ್ಮದು ಬೆಟ್ಟದಿಂದ ಇಳಿದು ಬಂದರೆ
ಅಡುಗೆಮನೆಯಲ್ಲಿ ಎಲ್ಲರೂ ದನಿ ತಗ್ಗಿಸುತ್ತಾರೆ,
ಮೇಲೆ ಇನ್ನೂ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ತಿಳಿಯದವರು ತಿಳಿಯದೇ ಹೋಗಲಿ ಎಂದು
ಗುಡುಗಿದ್ದೂ ಉಂಟು, ಒಬ್ಬಳೇ, ಕೆಟಲಿನ ಎದುರು.
ಅವರ ಟ್ರಾಮನ್ನು ನಮಗೆ ಯಾರಾದರೂ ವಿವರಿಸಿದ್ದರೇ?
ಏಳರ ವಯಸ್ಸಿನಲ್ಲಿ, ಒಂದು ಮರವನ್ನೂ ಕಾಣದವಳು,
ಅವರ ಓಕ್ ಕಾಡಿನಲ್ಲಿ ದಾರಿ ತಪ್ಪಿ ಅತ್ತಿದ್ದೇನೆ.
ಓಕ್ ಎಂದರೇನೆಂದು ಕೇಳಲಿಲ್ಲ. ಹಸಿರಾಗಿತ್ತು, ಸಾಕಾಗಿತ್ತು.

ಆಮೇಲೆ ರಜಕ್ಕೆ ಬಂದ ರೋಯಿ, ಅಣ್ಣನ ಮಗ,
ಓಡೆನ್ಸೆಯಲ್ಲಿ ಹುಟ್ಟಿದವನು, ನಮ್ಮದೇ ಮನೆತನದ ಮೂಗು.
ಮೇಜಿನ ಹಾಳೆ ಎತ್ತಿಕೊಂಡು ಓದುತ್ತ ಓದುತ್ತ
ಥೋರ್ಕಿಲ್ ಕೇಳಿದ ಜಾಗದಲ್ಲೇ ಬೆರಳಿಟ್ಟ:
‘ಅತ್ತೆ, ಇದೇನು?’

ಗುಡುಗಲು ಕೆಟಲು ಹತ್ತಿರವಿರಲಿಲ್ಲ.
ಹನುಸ್ ಮಾವನ ಯಾತ್ಲುರಿಗೆ ಕರೆದೊಯ್ದೆ.
ಮಾವ ಹೊಸ ಹಲಗೆ ಬಡಿಯುತ್ತಿದ್ದರು. ಅಳತೆಪಟ್ಟಿಯಿಲ್ಲ.
ಎರಡು ಹಲಗೆಯ ನಡುವೆ ಕಿರುಬೆರಳು ತೂರಿಸಿ, ಎಳೆದುಕೊಂಡು, ಮೊಳೆ.
‘ಅಗಲವಾಯಿತೋ, ಮಳೆ ನುಗ್ಗಿ ಕೊಳೆಯುತ್ತೆ.
ಮುಚ್ಚಿಬಿಟ್ಟೆಯೋ, ಒಳಗೇ ಬೆವತು ಕೊಳೆಯುತ್ತೆ.’
‘ಮತ್ತೆ ಎಷ್ಟಿರಬೇಕು?’ ಕೇಳಿದವಳು ನಾನು, ಬೇರೆ ಕಾರಣಕ್ಕೆ.
ಮಾವ ಬೆರಳು ತೋರಿಸಿದರು. ಎಂದೋ ಮುರಿದು ಸೊಟ್ಟಗೆ ಕೂಡಿದ್ದು.
‘ಇಷ್ಟು. ಈ ಗೋಡೆಗೆ. ಆಚೆ ಗೋಡೆಗೆ ಬೇರೆ, ಅಲ್ಲಿಯ ಗಾಳಿ ಬೇರೆ.’

ರೋಯಿ ಏನೂ ಕೇಳದೆ ಸಂದಿಗೆ ಮೂಗಿಟ್ಟ.
ಉಸಿರೆಳೆದ. ಕಣ್ಣಲ್ಲಿ ನೀರು ಬಂತು.
ಮತ್ತೆ ಮೂಗಿಟ್ಟ.

ರಾತ್ರಿ ಅಜ್ಜಿಯನ್ನು ಹೊಸಿಲಿಂದ ಬಿಡಿಸಿದೆ.
ಯಾತ್ಲುರ್ ಬಾಗಿಲು ತೆರೆದಳು; ಹಿಂದೆ ನಿಂತ ಹುಡುಗ
ಮೂಗು ಮುಚ್ಚಿಕೊಂಡ, ಬಿಟ್ಟ, ತುಟಿ ನೆಕ್ಕಿಕೊಂಡ,
ಚಾಕು ಮಾಂಸಕ್ಕೆ ತಾಗಿತು.

ಈ ಸಲ ಆ ಸಾಲಿನ ಅಂಚಿನಲ್ಲಿ
ಥೋರ್ಕಿಲನ ಪೆನ್ಸಿಲ್ಲು ಒಮ್ಮೆ ಮಾತ್ರ ಎದ್ದಿದೆ:
‘ಈ ಹುಡುಗ ಯಾರು? ಹಿಂದೆಲ್ಲೂ ಬಂದಿಲ್ಲವಲ್ಲ.’

ಉತ್ತರ ಬರೆಯಬೇಕು.
ಕಿರುಬೆರಳು ಮಡಚಿ, ಬಿಚ್ಚಿ ನೋಡುತ್ತಿದ್ದೇನೆ.